ಬಲಗೈ, ಅಳತೆ ಒಂದಕ್ಕೊಂದು

ಪವಾಯಿ ಕೆರೆಯ ಪಕ್ಕದ ತಿರುವಿನಲ್ಲಿ ನನ್ನ ಸ್ಕೂಟರ್ ಜಾರಿದಾಗ ಬೆನ್ನಿಗೆ ಒಂದು ಡ್ರಾಯಿಂಗ್ ರೋಲು ಕಟ್ಟಿಕೊಂಡಿದ್ದೆ. ವಿಕ್ರೋಳಿಯ ನಮ್ಮ ಕಾರ್ಖಾನೆಯಿಂದ ಅಲ್ಲಿನ ಇಂಜಿನಿಯರಿಂಗ್ ಸಂಸ್ಥೆಯ ಲ್ಯಾಬಿಗೆ ತಲುಪಿಸಬೇಕಾಗಿದ್ದ ರೋಲು. ಜುಲೈ ತಿಂಗಳು. ರಸ್ತೆ ಮೇಲೆ ಯಾವುದೋ ಟ್ರಕ್ಕಿನ ಎಣ್ಣೆ, ಅದರ ಮೇಲೆ ಮಳೆ ನೀರು. ಸ್ಕೂಟರ್ ಒಂದು ಕಡೆ ಹೋಯಿತು, ನಾನು ಇನ್ನೊಂದು ಕಡೆ ಹೋದೆ, ಬಲಗೈ ಹೋಗಿ ಅಂಚಿನ ಕಲ್ಲಿಗೆ ಬಡಿಯಿತು. ಆಸ್ಪತ್ರೆಯಲ್ಲಿ ಮಂಪರು ಇಳಿದ ಮೇಲೆ ನಾನು ಮೊದಲು ಕೇಳಿದ್ದು ಡ್ರಾಯಿಂಗ್ ನೆನೆಯಿತಾ ಅಂತ. ನನ್ನ ಹೆಂಡತಿ ಅದನ್ನು ಇವತ್ತಿಗೂ ಮರೆತಿಲ್ಲ, ಮರೆಯೋದಕ್ಕೆ ನನಗೂ ಬಿಟ್ಟಿಲ್ಲ.

ಡ್ರಾಯಿಂಗ್ ನೆನೆದಿರಲಿಲ್ಲ. ತೋಳಿನ ಮೂಳೆ ಮಾತ್ರ ಸರಿಯಾಗಿ ನಡುವೆ ಮುರಿದಿತ್ತು. ಪ್ಲಾಸ್ಟರ್ ಹಾಕಿದರು. ಮೂಳೆ ತಾನೇ, ಕೂಡಿಕೊಳ್ಳುತ್ತೆ ಬಿಡು ಅಂತ ನಾನು ಧೈರ್ಯವಾಗೇ ಇದ್ದೆ. ಮೂರನೇ ದಿನ ಡಾಕ್ಟರು ಬಂದು, ಮರಾಠಿ ಬೆರೆಸಿದ ಹಿಂದಿಯಲ್ಲಿ, ಮಣಿಕಟ್ಟು ಮೇಲೆತ್ತು ಅಂದರು. ಎತ್ತಿದೆ. ಅಂದರೆ ಎತ್ತಿದೆ ಅಂದುಕೊಂಡೆ. ಕೈ ತೊಡೆಯ ಮೇಲೆ ಬಿದ್ದಿದ್ದು ಬಿದ್ದ ಹಾಗೇ ಇತ್ತು, ಹಿಂಡಿ ಇಟ್ಟ ಬಟ್ಟೆಯ ಹಾಗೆ. ಬೆರಳು ಬಿಡಿಸು ಅಂದರು. ಅದೂ ಇಲ್ಲ. ಹೆಬ್ಬೆರಳಿನ ಹಿಂಭಾಗದಲ್ಲಿ ಸೂಜಿ ಚುಚ್ಚಿದರು, ಚುಚ್ಚಿದ್ದು ಕಣ್ಣಿಗೆ ಕಂಡಿತು, ಅಷ್ಟೇ.

ಆಮೇಲೆ ಅವರು ವಿವರಿಸಿದರು. ತೋಳಿನ ಮೂಳೆಯ ಹಿಂಭಾಗವನ್ನು ಸುತ್ತಿಕೊಂಡು ಒಂದು ನರ ಇಳಿದು ಬರುತ್ತೆ. ಮಣಿಕಟ್ಟು, ಬೆರಳು, ಹೆಬ್ಬೆರಳನ್ನು ಮೇಲೆತ್ತೋದು ಅದರ ಕೆಲಸ. ಮೂಳೆ ಮುರಿದಾಗ ಅದಕ್ಕೂ ಪೆಟ್ಟಾಗಿದೆ. ಹೆಚ್ಚಿನವರಿಗೆ ತಾನಾಗಿಯೇ ಬರುತ್ತೆ, ಕಾಯೋಣ. ನರ ಮೇಲಿನಿಂದ ಕೆಳಕ್ಕೆ ಮತ್ತೆ ಬೆಳೆದುಕೊಂಡು ಬರುತ್ತೆ, ದಿನಕ್ಕೆ ಸುಮಾರು ಒಂದು ಮಿಲಿಮೀಟರ್.

ಮಿಲಿಮೀಟರ್ ಅಂದದ್ದೇ ನನ್ನ ಕಿವಿ ನೆಟ್ಟಗಾಯಿತು. ನಾನು ಡ್ರಾಫ್ಟ್ಸ್‌ಮನ್. ಅಳೆಯೋದೇ ನನ್ನ ಹೊಟ್ಟೆಪಾಡು.

ಅದನ್ನು ಅಳೆಯೋದು ಹೇಗೆ ಅಂತ ಕೇಳಿದೆ. ಅವರು ನಕ್ಕು, ಪ್ಲಾಸ್ಟರ್ ತೆಗೆದ ಮೇಲೆ ತೋರಿಸ್ತೀನಿ ಅಂದರು. ಆರನೇ ವಾರ ಪ್ಲಾಸ್ಟರ್ ತೆಗೆದು, ಬಿಚ್ಚಿ ಹಾಕುವ ಪಟ್ಟಿ ಕೊಟ್ಟಾಗ, ಮಾತಿನಂತೆ ತೋರಿಸಿದರು. ತೋಳಿನ ಹೊರಭಾಗದಲ್ಲಿ ನರದ ಹಾದಿಯುದ್ದಕ್ಕೂ ಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ತಟ್ಟುತ್ತಾ ಬರಬೇಕು. ಒಂದು ಜಾಗದಲ್ಲಿ ಹೆಬ್ಬೆರಳಿನವರೆಗೆ ಜುಮ್ ಅನ್ನುತ್ತೆ. ನರ ಅಲ್ಲಿಯವರೆಗೆ ಬಂದಿದೆ ಅಂತ ಲೆಕ್ಕ. ವಾರ ವಾರ ಆ ಜಾಗ ಕೆಳಗೆ ಇಳಿಯಬೇಕು. ನರ ಪೂರ್ತಿ ವಾಸಿಯಾದ ಮೇಲೆ ಎಲ್ಲಿ ತಟ್ಟಿದರೂ ಜುಮ್ ಅನ್ನೋದಿಲ್ಲ. ಬಿದ್ದ ದಿನದಿಂದ ಮೂರು ತಿಂಗಳಿಗೆ ಬಾ, ಕರೆಂಟಿನ ಟೆಸ್ಟ್ ಮಾಡೋಣ ಅಂದರು. ಹೊರಡುವಾಗ ಇನ್ನೊಂದು ಮಾತು ಹೇಳಿದರು: ನರ ತಲುಪದೆ ಬಹಳ ದಿನ ಬಿಟ್ಟರೆ ಮಾಂಸಖಂಡ ಒಣಗುತ್ತೆ, ಆಮೇಲೆ ನರ ತಲುಪಿದರೂ ಉಪಯೋಗವಿಲ್ಲ. ಆ ಮಾತು ಕೇಳಿಸಿಕೊಂಡೆ. ತಲೆಗೆ ಹಾಕಿಕೊಳ್ಳಲಿಲ್ಲ.

ನಮ್ಮ ಡ್ರಾಯಿಂಗ್ ಆಫೀಸಿನ ಬಗ್ಗೆ ಸ್ವಲ್ಪ ಹೇಳಬೇಕು. ಉದ್ದನೆಯ ಹಾಲ್, ಎರಡು ಸಾಲು ಬೋರ್ಡುಗಳು, ಪ್ರತಿ ಬೋರ್ಡಿನ ಮೇಲೂ ಒಂದು ದೀಪ. ಮೂಲೆಯ ಪ್ರಿಂಟ್ ರೂಮಿನಿಂದ ದಿನವಿಡೀ ಅಮೋನಿಯಾ ವಾಸನೆ. ಟ್ರೇಸಿಂಗ್ ಫಿಲ್ಮಿನ ಮೇಲೆ ಇಂಕ್ ಪೆನ್ನಿನಲ್ಲಿ ಗೆರೆ ಎಳೆಯೋದು, ತಪ್ಪಿದರೆ ಬ್ಲೇಡಿನಲ್ಲಿ ಹೆರೆಯೋದು. ಅಕ್ಷರ ಸ್ಟೆನ್ಸಿಲ್ ಇಟ್ಟು ಬರೆಯುವವರು ಇದ್ದರು. ನಾನು ಇಡುತ್ತಿರಲಿಲ್ಲ. ಬರಿಗೈಯಲ್ಲಿ, ನೆಟ್ಟಗೆ, ಮೂರು ಮಿಲಿಮೀಟರ್ ಎತ್ತರದ ಅಕ್ಷರ. ಪ್ರಿಂಟ್ ನೋಡಿದ ಕೂಡಲೇ ಕಾರ್ಖಾನೆಯ ಮಷೀನ್ ಶಾಪಿನವರು ಇದು ಇಂಥವರದ್ದು ಅನ್ನುತ್ತಿದ್ದರು. ಜಂಬ ಅಂದರೆ ಜಂಬ. ನನಗೆ ಇದ್ದದ್ದು ಅದೊಂದೇ ಸ್ವತ್ತು.

ಹಾಲಿನ ತುದಿಯಲ್ಲಿ ಚೆಕ್ಕರ್ ಕೂರುತ್ತಿದ್ದರು. ಉಡುಪಿ ಕಡೆಯವರು, ಐವತ್ತು ದಾಟಿದವರು, ನನ್ನ ಹಾಗೇ ಚೆಂಬೂರಿನಲ್ಲಿ ಮನೆ. ಯಾವ ಡ್ರಾಯಿಂಗೂ ಅವರ ಸಹಿ ಇಲ್ಲದೆ ಹೊರಗೆ ಹೋಗುವಂತಿಲ್ಲ. ಕೈಯಲ್ಲಿ ಎರಡು ಪೆನ್ಸಿಲು, ಒಂದು ಹಳದಿ, ಒಂದು ಕೆಂಪು. ಪ್ರಿಂಟಿನ ಮೇಲೆ ಒಂದೊಂದೇ ಅಳತೆ ನೋಡಿ, ಸರಿಯಿದ್ದರೆ ಹಳದಿ ಬಳಿಯುತ್ತಾರೆ, ತಪ್ಪಿದ್ದರೆ ಕೆಂಪು ಸುತ್ತು. ಪೂರ್ತಿ ಹಳದಿಯಾಗದೆ ಸಹಿ ಇಲ್ಲ. ದೊಡ್ಡ ಸಾಹೇಬರೇ ಬಂದು ಅರ್ಜೆಂಟ್ ಅಂದರೂ, "ಅರ್ಜೆಂಟಿಗೆ ಬೇರೆ ಅಳತೆ ಉಂಟಾ?" ಅನ್ನುತ್ತಿದ್ದ ಮನುಷ್ಯ. ಹನ್ನೊಂದು ವರ್ಷದಲ್ಲಿ ನನ್ನನ್ನು ಒಮ್ಮೆಯೂ ಹೊಗಳಿರಲಿಲ್ಲ.

ಕೆಲಸಕ್ಕೆ ವಾಪಸ್ ಹೋದಾಗ ಸಾಹೇಬರು ನನ್ನನ್ನು ಪ್ರಿಂಟ್ ರೂಮಿಗೆ ಹಾಕಿದರು. ಎಡಗೈಯಲ್ಲಿ ಮಷೀನಿಗೆ ಕಾಗದ ತುರುಕೋದು, ಮಡಚೋದು. ಮಾರ್ಚ್ ತನಕ ಬೋರ್ಡ್ ಖಾಲಿ ಇಡ್ತೀನಿ, ಅಷ್ಟರಲ್ಲಿ ಕೈ ಬರದಿದ್ದರೆ ಕಾಯಂ ಆಗಿ ರೆಕಾರ್ಡ್ ಸೆಕ್ಷನ್, ಅಂದರು. ಕೆಟ್ಟ ಮನುಷ್ಯರಲ್ಲ, ಇನ್ನೇನು ಮಾಡಿಯಾರು. ಆದರೆ ರೆಕಾರ್ಡ್ ಸೆಕ್ಷನ್ ಅಂದರೆ ಬೇರೆಯವರು ಬರೆದ ಡ್ರಾಯಿಂಗಿಗೆ ಧೂಳು ಹೊಡೆಯುವ ಜಾಗ. ಕಿಟಕಿ ಪಕ್ಕದ ನನ್ನ ಬೋರ್ಡಿಗೆ ಬಟ್ಟೆ ಹೊದಿಸಿದ್ದು ನೋಡಿ ಅವತ್ತು ಊಟ ಸೇರಲಿಲ್ಲ.

ಸ್ಕೂಟರ್ ಮಾರಿದೆ. ಚೆಂಬೂರಿನಿಂದ ಕುರ್ಲಾ, ಕುರ್ಲಾದಲ್ಲಿ ಬ್ರಿಜ್ ಹತ್ತಿ ಇಳಿದು ವಿಕ್ರೋಳಿಗೆ ಇನ್ನೊಂದು ಲೋಕಲ್ ರೈಲು. ಕೈಗೆ ಮಣಿಕಟ್ಟು ಎತ್ತಿ ಹಿಡಿಯುವ ಸ್ಪ್ಲಿಂಟ್, ಅದರ ಮೇಲೆ ತಂತಿಯ ಕಮಾನು, ಕಮಾನಿನಿಂದ ಒಂದೊಂದು ಬೆರಳಿಗೂ ರಬ್ಬರ್ ಬ್ಯಾಂಡು. ಅದನ್ನು ನೋಡಿ ಜನ ಜಾಗ ಬಿಡುತ್ತಿದ್ದರು. ಮೂವರು ಕೂರುವ ಬೆಂಚಿನಲ್ಲಿ ನಾಲ್ಕನೇ ಸೀಟಿಗೆ ಜಗಳ ಆಡಿ ಗೊತ್ತಿದ್ದ ನನಗೆ, ಕೇಳದೆ ಸಿಗುವ ಕಿಟಕಿ ಸೀಟು ಮೈ ಉರಿಸುತ್ತಿತ್ತು. "ಬೈಠೋ ಭಾಯಿಸಾಬ್" ಅಂದವರ ಮೇಲೆ ಸಿಡುಕಿದ್ದೂ ಉಂಟು. ಪಾಪ, ಅವರದ್ದೇನು ತಪ್ಪು.

ಪ್ಲಾಸ್ಟರ್ ತೆಗೆದ ಮೇಲಿನ ಮೊದಲ ಭಾನುವಾರ ನಾನು ನನ್ನ ಕೈಯ ಡ್ರಾಯಿಂಗ್ ಶುರುಮಾಡಿದೆ. ಆಫೀಸಿನ ಫಿಲ್ಮಿನ ಒಂದು ತುಂಡು, ಮನೆಯಲ್ಲಿದ್ದ ಹಳೇ ಬೋರ್ಡಿಗೆ ಟೇಪು ಹಾಕಿ ಅಂಟಿಸಿದೆ. ಅದರ ಮೇಲೆ ಬಲತೋಳು ಇಟ್ಟೆ, ಹೆಂಡತಿ ಸುತ್ತ ಪೆನ್ಸಿಲ್ ಓಡಿಸಿದಳು. ಅಳತೆ ಒಂದಕ್ಕೊಂದು. ಆಮೇಲೆ ಅವಳು ಪೆನ್ಸಿಲಿನ ಹಿಂಬದಿಯಿಂದ ತಟ್ಟುತ್ತಾ ಬಂದಳು. ಜುಮ್ ಅಂದ ಕಡೆ ನಿಲ್ಲಿಸಿದೆ. ಮೊಣಕೈ ತುದಿಯಿಂದ ಅಲ್ಲಿಗೆ ನೂರಾ ನಲವತ್ತು ಮಿಲಿಮೀಟರ್. ಎಡಗೈಯಲ್ಲಿ ಡ್ರಾಯಿಂಗ್ ಮೇಲೆ ಚುಕ್ಕಿ ಇಟ್ಟು ತಾರೀಕು ಬರೆದೆ. ಕಾಗೆ ಕಾಲಿನ ಅಕ್ಷರ.

ಆ ಭಾನುವಾರಗಳು ಈಗ ನೆನಪಾದರೆ ಹಿತವಾಗುತ್ತೆ, ನಿಜ ಹೇಳಬೇಕೆಂದರೆ. ಆಗ ಹಾಗಿರಲಿಲ್ಲ. ಕೆಳಗೆ ಬಿಲ್ಡಿಂಗಿನ ನಲ್ಲಿ ಹತ್ತಿರ ಬಕೆಟ್ಟಿನ ಸದ್ದು, ಒಳಗೆ ಡಿಕಾಕ್ಷನ್ ಇಳಿಯುತ್ತಿರುವ ವಾಸನೆ, ನಾನು ಬನಿಯನ್ನಿನಲ್ಲಿ ಬೋರ್ಡಿನ ಮುಂದೆ ಕೂತು ಅವಳ ಮೇಲೆ ರೇಗುತ್ತಿದ್ದೆ. ತಟ್ಟು ಅಂದರೆ ಕುಟ್ಟುತ್ತೀಯಲ್ಲ ಅಂತ. "ರೀ, ನಿಮ್ಮ ನರಕ್ಕೆ ಏನಾಗಿದೆಯೋ ಗೊತ್ತಿಲ್ಲ, ನಾಲಿಗೆಗಂತೂ ಏನೂ ಆಗಿಲ್ಲ" ಅನ್ನುತ್ತಿದ್ದಳು, ತಟ್ಟೋದು ನಿಲ್ಲಿಸದೆ.

ಚುಕ್ಕಿ ಇಳಿಯುತ್ತಿತ್ತು. ಎರಡನೇ ವಾರ ನೂರಾ ಮೂವತ್ತಾರು, ಮೂರನೇ ವಾರ ನೂರಾ ಮೂವತ್ತೊಂದು. ಏಳು ವಾರದ ಹೊತ್ತಿಗೆ ನೂರಾ ಹದಿನಾರಕ್ಕೆ ಬಂದಿತ್ತು. ನಲವತ್ತೆರಡು ಇಳಿಯಬೇಕಾದ ಕಡೆ ಇಪ್ಪತ್ತನಾಲ್ಕು ಇಳಿದಿದೆ. ನಿಧಾನ, ಆದರೆ ಗಾಡಿ ಓಡುತ್ತಿದೆ. ಡಾಕ್ಟರು ಕೊಟ್ಟ ಮೂರು ತಿಂಗಳ ತಾರೀಕು ಬಂತು. ಹೆಂಡತಿ ಹೋಗೋಣ ಅಂದಳು. ಡ್ರಾಯಿಂಗ್ ಕಣ್ಮುಂದೆ ಇರೋವಾಗ ಕರೆಂಟ್ ಯಾಕೆ ಹೊಡೆಸಿಕೊಳ್ಳಲಿ ಅಂತ ನಾನು ಹೋಗಲಿಲ್ಲ. ನಿಜವಾಗಿ ಸೂಜಿಯ ಭಯವೂ ಇತ್ತು, ಆದರೆ ಮೆರೆಸಿದ್ದು ಡ್ರಾಯಿಂಗನ್ನು.

ದೀಪಾವಳಿ ಕಳೆದ ಭಾನುವಾರ ಚೆಕ್ಕರ್ ಮನೆಗೆ ಬಂದರು. ಅವರು ಯಾರ ಮನೆಗೂ ಹೋಗುವವರಲ್ಲ. ಚಕ್ಕುಲಿ ತಿಂದರು, ಕಾಫಿ ಕುಡಿದರು. ನಾನೇ ತಡೆಯಲಾರದೆ ಡ್ರಾಯಿಂಗ್ ತೋರಿಸಿದೆ. ಮೆಚ್ಚುತ್ತಾರೆ ಅಂತ ಆಸೆ. ಅವರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಜೇಬಿನಿಂದ ಹಳದಿ ಪೆನ್ಸಿಲ್ ತೆಗೆದರು. ಮೊದಲ ಚುಕ್ಕಿಯ ಮೇಲೆ ಹಿಡಿದು ನಿಂತರು, ಬಳಿಯಲಿಲ್ಲ.

"ಡೇಟಮ್ ಯಾವುದು?" ಅಂದರು.

ಡೇಟಮ್ ಅಂದರೆ ಅಳತೆ ಶುರುವಾಗುವ ಜಾಗ. ಅದು ಅಲುಗಾಡಬಾರದು. ಡ್ರಾಯಿಂಗ್ ಆಫೀಸಿಗೆ ಸೇರಿದ ಮೊದಲ ವಾರ ಕಲಿಸುವ ಪಾಠ.

"ಮೊಣಕೈ ತುದಿ."

"ಕೈ ಮಡಚು." ಮಡಚಿದೆ. "ಈಗ ನೀಟು." ನೀಟಿದೆ. ಅವರು ನನ್ನ ಮೊಣಕೈ ತುದಿಯ ಮೇಲೆ ಒಂದು ಬೆರಳು, ಪಕ್ಕದ ಹೊರಗಂಟಿನ ಮೇಲೆ ಇನ್ನೊಂದು ಬೆರಳು ಇಟ್ಟಿದ್ದರು. "ನೋಡು. ಗಂಟು ಇದ್ದಲ್ಲೇ ಉಂಟು. ತುದಿ ಎಲ್ಲಿಗೆ ಹೋಯ್ತು?"

ನೋಡಿದೆ. ಕೈ ನೀಟಿದಾಗ ತುದಿ ಮೇಲಕ್ಕೆ ಸರಿಯುತ್ತಿತ್ತು, ಹತ್ತಿರ ಹತ್ತಿರ ಒಂದಿಂಚು.

"ಮೊದಲ ದಿವಸ ನಿನ್ನ ಕೈ ಹೇಗಿತ್ತು?"

"ಕಟ್ಟಿಹೋಗಿತ್ತು. ಲಂಬಕೋನದಲ್ಲಿ."

"ಆಮೇಲೆ ವಾರ ವಾರ ವ್ಯಾಯಾಮ ಮಾಡಿ ಬಿಡಿಸಿಕೊಂಡೆ. ಕೈ ನೆಟ್ಟಗಾದಷ್ಟೂ ತುದಿ ಮೇಲೆ ಬಂತು. ಚುಕ್ಕಿ ಇಳಿದದ್ದಲ್ಲ ಮಾರಾಯ, ಡೇಟಮ್ ಹತ್ತಿದ್ದು. ತಿರುಗುವ ಲಿವರಿನ ತುದಿಯಿಂದ ಯಾರಾದರೂ ಅಳೀತಾರಾ?"

ನನಗೆ ಮೈಯೆಲ್ಲ ಬೆಂಕಿ ಬಿದ್ದ ಹಾಗಾಯಿತು. ಇದು ಕಬ್ಬಿಣದ ಲಿವರಲ್ಲ, ನನ್ನ ಕೈ, ನೀವು ಇಲ್ಲೂ ಕೆಂಪು ಪೆನ್ಸಿಲ್ ತಂದಿರಾ ಅಂತ ಕೂಗಿಬಿಟ್ಟೆ. ಹಬ್ಬಕ್ಕೆ ಬಂದ ಹಿರಿಯರಿಗೆ. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತಳು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಬೋರ್ಡಿನ ಪಕ್ಕದಲ್ಲಿದ್ದ ದೊಡ್ಡ ಸೆಟ್ ಸ್ಕ್ವೇರ್ ತೆಗೆದು ನನ್ನ ತೋಳಿಗೂ ಮುಂಗೈಗೂ ಒತ್ತಿ ಹಿಡಿದರು, ಮೊಣಕೈ ಸರಿಯಾಗಿ ಲಂಬಕೋನಕ್ಕೆ ಬರುವ ಹಾಗೆ. "ನೀವು ತಟ್ಟಿ" ಅಂತ ಹೆಂಡತಿಗೆ ಹೇಳಿದರು.

ಅವಳು ಕೈ ಒರೆಸಿಕೊಂಡು ಬಂದು ತಟ್ಟಿದಳು. ಜುಮ್ ಅಂದಿತು. ಚೆಕ್ಕರ್ ಸ್ಕೇಲ್ ಇಟ್ಟರು, ಓದಲು ನನ್ನನ್ನೇ ಬಿಟ್ಟರು.

ನೂರಾ ನಲವತ್ತು.

ಏಳು ವಾರದಲ್ಲಿ ನನ್ನ ನರ ಒಂದು ಮಿಲಿಮೀಟರೂ ಬಂದಿರಲಿಲ್ಲ. ಅವರು ಮೊದಲ ಚುಕ್ಕಿಗೆ ಹಳದಿ ಬಳಿದರು. ಉಳಿದ ಆರಕ್ಕೂ ಕೆಂಪು ಸುತ್ತು ಹಾಕಿದರು, ಒಂದೊಂದಾಗಿ, ಅವಸರವಿಲ್ಲದೆ. ಶಾಪಿನ ಡ್ರಾಯಿಂಗಿನಲ್ಲಿ ಇಂಥ ತಪ್ಪು ಮಾಡಿದ್ದರೆ ನಾನೇ ನನ್ನನ್ನು ಕ್ಷಮಿಸುತ್ತಿರಲಿಲ್ಲ. ನನ್ನ ಸ್ವಂತ ಕೈಗೆ ಮಾಡಿದ್ದೆ. ಮರುಗುವ ಶಕ್ತಿಯೂ ಇರಲಿಲ್ಲ, ಬರೀ ನಾಚಿಕೆ ಇತ್ತು, ಅದರ ಅಡಿಯಲ್ಲಿ ಭಯ.

"ನಾಳೆ ರಜೆ ಹಾಕು, ಆಸ್ಪತ್ರೆಗೆ ಹೋಗು. ಇದನ್ನೂ ತೆಗೆದುಕೊಂಡು ಹೋಗು" ಅಂದು ಎದ್ದರು. ನಾನು ಫಿಲ್ಮಿನ ಮೂಲೆಯಲ್ಲಿ ಮೊದಲೇ ಅಚ್ಚಾಗಿದ್ದ, ಚೆಕ್ಡ್ ಅನ್ನುವ ಖಾಲಿ ಚೌಕ ತೋರಿಸಿ, ಕೊಂಕಿನಿಂದಲೇ, ಇಷ್ಟು ಮಾಡಿದವರು ಸಹಿಯನ್ನೂ ಹಾಕಿ ಅಂದೆ. "ಮುಗಿಯದ ಡ್ರಾಯಿಂಗಿಗೆ ನಾನು ಸಹಿ ಹಾಕುವುದಿಲ್ಲ" ಅಂದರು. "ಟೈಟಲನ್ನು ಬಲಗೈಯಲ್ಲಿ ಬರೆದು ತಾ, ನೋಡುವ."

ಇಷ್ಟು ತಡ ಯಾಕೆ ಅಂತ ಡಾಕ್ಟರು ಬೈದರು. "ಪೆಹಲೇ ಕ್ಯೋಂ ನಹೀಂ ಆಯಾ?" ಅಂದವರು ಡ್ರಾಯಿಂಗ್ ಮೇಲೆ ಬಗ್ಗಿದರು. ಕೆಂಪು ಸುತ್ತು ಯಾರದ್ದು ಅಂತ ಕೇಳಿದರು. ಹೇಳಿದೆ. ಕರೆಂಟಿನ ಟೆಸ್ಟ್ ಆಯಿತು. ಮುಂಗೈಯ ಮಾಂಸಖಂಡಕ್ಕೆ ಸೂಜಿ ಹಾಕಿ ಎತ್ತು ಎತ್ತು ಅಂದರು, ಮಷೀನಿನ ಪರದೆಯ ಮೇಲಿನ ಗೆರೆ ಮಿಸುಕಲಿಲ್ಲ.

ಎರಡು ದಾರಿ ಇದೆ ಅಂದರು. ಇನ್ನೂ ಎರಡು ಮೂರು ತಿಂಗಳು ಕಾಯಬಹುದು, ತಡವಾಗಿ ಬಂದವರೂ ಇದ್ದಾರೆ. ಇಲ್ಲವೇ ಈಗಲೇ ತೋಳು ಬಿಚ್ಚಿ ನೋಡಬಹುದು. ನರ ತುಂಡಾಗಿದ್ದರೆ ಕಾಲಿನಿಂದ ನರ ತೆಗೆದು ಹೊಲಿಯಬೇಕು, ಫಲ ಹೇಳಲಾಗದು. ಬಿಚ್ಚುವಾಗಲೂ ಪೆಟ್ಟಾಗುವ ಸಾಧ್ಯತೆ ಇದೆ. ನಾಳೆ ಹೇಳು ಅಂದರು.

ಕಾರಿಡಾರಿನ ಬೆಂಚಿನ ಮೇಲೆ ಕೂತೆವು, ನಾನು ಮತ್ತು ಅವಳು. ಕಾಯೋದು ಎಷ್ಟು ಸುಲಭ ಅನ್ನಿಸಿತು. ಕಾಯುವವನಿಗೆ ಕೆಟ್ಟ ಸುದ್ದಿ ಯಾರೂ ಹೇಳುವುದಿಲ್ಲ. ಆದರೆ ಏಳು ವಾರ ಹಾಗೆ ಕಾದದ್ದಾಗಿತ್ತು, ಸುಳ್ಳು ಚುಕ್ಕಿಗಳನ್ನು ನೋಡಿ ಖುಷಿಪಡುತ್ತಾ. ನೀನೇನಂತೀಯಾ ಅಂತ ಅವಳನ್ನು ಕೇಳಿದೆ. "ನೂರಾ ನಲವತ್ತೇ ಅಲ್ವಾ ಬಂದಿದ್ದು" ಅಂದಳು. ಎದ್ದು ಹೋಗಿ ಬಿಚ್ಚಿ ಅಂತ ಹೇಳಿದೆ.

ನವೆಂಬರ್ ಕೊನೆಯಲ್ಲಿ ಆಪರೇಷನ್ ಆಯಿತು. ನರ ತುಂಡಾಗಿರಲಿಲ್ಲ. ಮುರಿದ ಜಾಗದಲ್ಲಿ ಹೊಸದಾಗಿ ಬೆಳೆದ ಮೂಳೆಯ ಕೆಳಗೆ ಸಿಕ್ಕಿ, ಗಾಯದ ಗಂಟಿನಲ್ಲಿ ಅಮುಕಿ ಹೋಗಿತ್ತು. ಬಿಡಿಸಿದ್ದೇವೆ, ಇನ್ನು ಅದರ ಇಷ್ಟ, ಅಂದ ಡಾಕ್ಟರು ಒಂದು ಚೀಟಿಯ ಮೇಲೆ ಬಾಲ್‌ಪೆನ್ನಿನಲ್ಲಿ ಚಿತ್ರ ಬರೆದು ತೋರಿಸಿದರು. ಸ್ಕೇಲ್ ನಮೂದಿಸಿರಲಿಲ್ಲ. ಆ ನೋವಿನಲ್ಲೂ ನನಗೆ ಅದು ಕಾಣಿಸಿತು.

ಮತ್ತೆ ಭಾನುವಾರಗಳು. ಈ ಸಲ ಹೊರಗಂಟು ಡೇಟಮ್, ಸೆಟ್ ಸ್ಕ್ವೇರ್ ಒತ್ತಿ ಹಿಡಿದು ಲಂಬಕೋನ. ಅದೇ ಡ್ರಾಯಿಂಗಿನಲ್ಲಿ ಪಕ್ಕಕ್ಕೆ ಹೊಸ ಸಾಲು. ಮೊದಲ ಮೂರು ವಾರ ಚುಕ್ಕಿಯ ಮೇಲೆ ಚುಕ್ಕಿ ಬಿತ್ತು. ನಾಲ್ಕನೇ ವಾರ ಐದು ಮಿಲಿಮೀಟರ್ ಇಳಿಯಿತು. ನಾನು ನಂಬದೆ ಮೂರು ಸಲ ತಟ್ಟಿಸಿದೆ. ಸಂಕ್ರಾಂತಿ ಹೊತ್ತಿಗೆ ಇನ್ನೂ ಇಳಿಯಿತು. ಆದರೆ ಚುಕ್ಕಿ ಇಳಿದರೇನು, ಕೈ ಎದ್ದಿರಲಿಲ್ಲ. ಮಾರ್ಚ್ ಬಂತು.

ಸಾಹೇಬರು ರೆಕಾರ್ಡ್ ಸೆಕ್ಷನ್ನಿನ ಆರ್ಡರ್ ತಯಾರು ಮಾಡಿದ್ದರು. ಸಾಹೇಬರ ಕ್ಯಾಬಿನ್ನಿಗೆ ಚೆಕ್ಕರ್ ಹೋಗಿ ಬಂದರು. ಏನು ಮಾತಾಯಿತೋ ನನಗೆ ತಿಳಿಯದು. ಬಂದು ನನ್ನ ಮುಂದೆ ಹಳದಿ ಪೆನ್ಸಿಲ್ ಇಟ್ಟು, "ಇದು ಎಡಗೈಗೂ ಬರ್ತದೆ. ನನ್ನ ಪಕ್ಕ ಕೂತುಕೋ" ಅಂದರು. ಅಂದಿನಿಂದ ಒಂದು ವರ್ಷ ನಾನು ಅಳತೆ ಓದುವುದು, ಅವರು ಲೆಕ್ಕ ಹಾಕುವುದು, ಸರಿಯಿದ್ದರೆ ನಾನು ಹಳದಿ ಬಳಿಯುವುದು. ಕೆಂಪನ್ನು ಮಾತ್ರ ಅವರು ಯಾರಿಗೂ ಕೊಡುತ್ತಿರಲಿಲ್ಲ.

ಏಪ್ರಿಲ್ ಕೊನೆಯ ಒಂದು ಸಂಜೆ ಹೆಂಡತಿಗೂ ನನಗೂ ಜಗಳ. ಫ್ಯಾನ್ ರಿಪೇರಿಗೆ ಕೊಡುವ ವಿಷಯ. ಸಾಕು ನಿಲ್ಲಿಸು ಅನ್ನೋಕೆ ಮದುವೆಯಾದಾಗಿನಿಂದ ನಾನು ಬಲಗೈ ಎತ್ತಿ ಅಡ್ಡ ಹಿಡಿಯುವುದು ರೂಢಿ. ಸ್ನಾನಕ್ಕೆ ಅಂತ ಸ್ಪ್ಲಿಂಟ್ ಬಿಚ್ಚಿದ್ದೆ. ಕೈ ಎತ್ತಿದೆ. ಅವಳು ಅರ್ಧ ವಾಕ್ಯಕ್ಕೇ ನಿಂತಳು. ಅವಳು ಹಾಗೆಲ್ಲ ನಿಲ್ಲುವವಳಲ್ಲ. "ಇನ್ನೊಂದು ಸಲ ಮಾಡಿ" ಅಂದಳು. ಏನನ್ನು ಅಂದೆ. "ನನ್ನ ಬಾಯಿ ಮುಚ್ಚಿಸಿದ್ದು." ನೋಡಿದರೆ ಮಣಿಕಟ್ಟು ಒಂದಿಂಚು ಎದ್ದಿತ್ತು. ಬಿತ್ತು, ಮತ್ತೆ ಎತ್ತಿದೆ, ಎದ್ದಿತು. ಇಬ್ಬರೂ ನೆಲದ ಮೇಲೆ ಕೂತು ಅತ್ತೆವು. ಫ್ಯಾನ್ ವಿಷಯ ಆ ವರ್ಷ ಯಾರೂ ಎತ್ತಲಿಲ್ಲ.

ಬೆರಳುಗಳು ಮಳೆಗಾಲ ಮುಗಿಯುವ ಹೊತ್ತಿಗೆ ಬಂದವು. ಹೆಬ್ಬೆರಳು ಎಲ್ಲಕ್ಕಿಂತ ಕೊನೆಗೆ ಬಂತು, ಅದೂ ಪೂರ್ತಿ ಬರಲಿಲ್ಲ. ಮರುವರ್ಷ ಬೋರ್ಡಿನ ಬಟ್ಟೆ ತೆಗೆದೆ. ಗೆರೆ ಸರಿ ಬರುತ್ತಿತ್ತು. ಅಕ್ಷರ ಬರಲಿಲ್ಲ, ಅಂದರೆ ನನ್ನ ಅಕ್ಷರ ಬರಲಿಲ್ಲ. ಹೆಬ್ಬೆರಳು ಪೆನ್ನನ್ನು ಹಿಡಿಯುತ್ತಿದ್ದ ರೀತಿಗೆ ಎಲ್ಲ ಬಲಕ್ಕೆ ವಾಲುತ್ತಿತ್ತು. ಸ್ಟೆನ್ಸಿಲ್ ಇಟ್ಟು ಬರೆಯಲು ಕಲಿತೆ. ಶಾಪಿನವರು ಪ್ರಿಂಟ್ ನೋಡಿ ಇದು ಇಂಥವರದ್ದು ಅನ್ನುವುದು ನಿಂತಿತು. ಕೈಯ ಡ್ರಾಯಿಂಗನ್ನು ಸುತ್ತಿ, ಆಫೀಸಿಗೆ ತಂದು, ನನ್ನ ಬೋರ್ಡಿನ ಡ್ರಾಯರಿಗೆ ಹಾಕಿದೆ. ವಾಲಿದ ಅಕ್ಷರದಲ್ಲಿ ಟೈಟಲ್ ಬರೆದು ಅವರ ಮುಂದೆ ಹಿಡಿಯಲು ಮನಸ್ಸಾಗಲಿಲ್ಲ. ಅವರೂ ಕೇಳಲಿಲ್ಲ. ಹಾಗೆ ನಾಲ್ಕು ವರ್ಷ ಹೋಯಿತು.

ತೊಂಬತ್ತರ ದಶಕ ಬಂದಿತ್ತು. ಹಾಲಿನ ಒಂದು ಭಾಗಕ್ಕೆ ಗಾಜು ಹಾಕಿ, ಎ.ಸಿ. ಕೂರಿಸಿ, ಒಳಗೆ ಕಂಪ್ಯೂಟರ್ ಇಟ್ಟರು. ಅದರಲ್ಲಿ ಅಕ್ಷರ ಯಾರು ಬರೆದರೂ ಒಂದೇ. ಚೆಕ್ಕರ್ ರಿಟೈರ್ ಆಗುವ ದಿನ ಬೆಳಗ್ಗೆ ಎಂದಿನಂತೆ ಬಂದು, ಹಾರ ತುರಾಯಿಗೆ ಇನ್ನೂ ಹೊತ್ತಿರುವಾಗ, ಸೀದಾ ನನ್ನ ಬೋರ್ಡಿನ ಹತ್ತಿರ ಬಂದರು.

"ಆ ಕೈಯ ಡ್ರಾಯಿಂಗ್ ಎಲ್ಲಿ? ನನ್ನದು ಒಂದು ಕೆಲಸ ಬಾಕಿ ಉಂಟು."

ತೆಗೆದು ಬೋರ್ಡಿಗೆ ಅಂಟಿಸಿದೆ. ಸ್ಟೆನ್ಸಿಲ್ ಕಡೆಗೆ ಹೋದ ನನ್ನ ಕೈಯನ್ನು ಅವರು ಕಣ್ಣಲ್ಲೇ ತಡೆದರು. ಬರಿಗೈಯಲ್ಲಿ ಬರೆದೆ: ಬಲಗೈ, ಅಳತೆ ಒಂದಕ್ಕೊಂದು. ಅವರು ಹಿಂದೆ ನಿಂತು ನೋಡುತ್ತಿದ್ದರು. ಆಮೇಲೆ ಪ್ರಿಂಟ್ ತೆಗೆಸಿ, ಹೊಸ ಸಾಲಿನ ಒಂದೊಂದೇ ಚುಕ್ಕಿಗೆ ಸ್ಕೇಲ್ ಇಟ್ಟು, ಅಳತೆ ನನ್ನಿಂದ ಓದಿಸಿ, ಹಳದಿ ಬಳಿದರು. ಅರ್ಧ ಗಂಟೆ ಹಿಡಿಯಿತು. ಕೊನೆಗೆ ಟೈಟಲ್ ಉಳಿಯಿತು. ಕೆಂಪು ಪೆನ್ಸಿಲ್ ಕೈಗೆ ಬಂತು.

"ವಾಲಿದೆ" ಅಂದೆ ನಾನೇ.

ಅವರು ಸೆಟ್ ಸ್ಕ್ವೇರ್ ಇಟ್ಟು ಒಂದೊಂದು ಅಕ್ಷರದ ಓರೆ ನೋಡಿದರು. "ವಾಲಿದೆ. ಎಲ್ಲ ಒಂದೇ ಸಮ ವಾಲಿದೆ. ಓರೆ ಅಕ್ಷರಕ್ಕೂ ಸ್ಟ್ಯಾಂಡರ್ಡ್ ಉಂಟು, ನೀನು ಮರೆತದ್ದು" ಅಂದು ಟೈಟಲಿಗೆ ಹಳದಿ ಬಳಿದು, ಫಿಲ್ಮಿನ ಚೌಕದಲ್ಲಿ ಸಹಿ ಹಾಕಿದರು. ಹನ್ನೊಂದು ವರ್ಷಕ್ಕೆ ಇನ್ನೂ ಆರು ಸೇರಿದ ಮೇಲೆ ಅವರಿಂದ ಬಂದ ಹೊಗಳಿಕೆ ಅಂದರೆ ಅದೇ. ಅವರು ಪಕ್ಕದ ಚೌಕ ತೋರಿಸಿದರು, ಅಪ್ರೂವ್ಡ್ ಅನ್ನುವುದು. "ಇದು ನನ್ನದಲ್ಲ, ಸಾಹೇಬರದ್ದೂ ಅಲ್ಲ. ತಟ್ಟಿದವರ ಹತ್ತಿರ ಹಾಕಿಸು."

ಸಂಜೆ ಮನೆಗೆ ಬಂದು ಹೆಂಡತಿಯ ಮುಂದೆ ಹಾಸಿದೆ. ಅವಳು ಸಹಿ ಹಾಕಲಿಲ್ಲ. ಮೊದಲು ಅಂಗಿ ತೋಳು ಏರಿಸಿ ಅಂದಳು. ಪೆನ್ಸಿಲ್ ತಿರುಗಿಸಿ ಹಿಡಿದು ಮಣಿಕಟ್ಟಿನಿಂದ ಮೊಣಕೈವರೆಗೆ, ಮೊಣಕೈಯಿಂದ ಭುಜದವರೆಗೆ ತಟ್ಟುತ್ತಾ ಬಂದಳು. ನಾನು ರೇಗದೆ ಕೂತಿದ್ದೆ.

"ಎಲ್ಲಿ ಬರುತ್ತೆ ಜುಮ್?"

"ಎಲ್ಲೂ ಬರ್ತಿಲ್ಲ."

ಇನ್ನೊಂದು ಸಲ ತಟ್ಟಿ ನೋಡಿದಳು. ಆಮೇಲೆ ನನ್ನ ಇಂಕ್ ಪೆನ್ ಇಸಿದುಕೊಂಡು, ಕನ್ನಡದಲ್ಲಿ, ಚೌಕ ಮೀರಿ ಹೋಗುವಷ್ಟು ಉದ್ದಕ್ಕೆ ತನ್ನ ಪೂರ್ತಿ ಹೆಸರು ಬರೆದಳು.